ಕಾರ್ತಿಕದಲ್ಲಿ ನಮ್ಮ ಕಡೆಗೆ

ಮದುವೆ ಆದ ದಿನ ಹತ್ತಿರ ಬಂತು ಅಂದರೆ ಬೆಂಗಳೂರಿನಲ್ಲಿರುವ ಗಂಡ ಹೆಂಡತಿ ನೋಡುವುದು ಮಲೆನಾಡಿನ ಕಡೆಗೇ. ಸಕಲೇಶಪುರ, ಚಿಕ್ಕಮಗಳೂರು, ಮಡಿಕೇರಿ. ಕಾಫಿ ತೋಟದ ಒಳಗೊಂದು ಹೋಂಸ್ಟೇ, ಬೆಳಗ್ಗೆ ಎದ್ದರೆ ಮಂಜು, ರಾತ್ರಿ ಬೆಂಕಿ ಹಾಕಿಕೊಂಡು ಕೂರುವುದು. ನಾವೂ ಹೋಗಿದ್ದೇವೆ. ಚೆನ್ನಾಗಿಯೇ ಇತ್ತು. ಆದರೆ ಆ ಊರುಗಳಲ್ಲಿ ನನ್ನದು ಅನ್ನುವಂಥದ್ದು ಏನೂ ಇರಲಿಲ್ಲ, ಇವರದೂ ಇರಲಿಲ್ಲ. ಯಾರೋ ಬೆಳೆಸಿದ ತೋಟದಲ್ಲಿ ಓಡಾಡಿ, ಫೋಟೋ ತೆಗೆದುಕೊಂಡು, ಬಿಲ್ ಕೊಟ್ಟು ಬರುತ್ತಿದ್ದೆವು.

ಈಗ ನನಗೆ ಅನ್ನಿಸುವುದು ಬೇರೆ. ಆ ದಿನಕ್ಕೆ ಇಬ್ಬರಿಗೂ ಸಂಬಂಧವಿಲ್ಲದ ಮೂರನೇ ಊರು ಬೇಡ. ಇಬ್ಬರಲ್ಲಿ ಒಬ್ಬರು ಹುಟ್ಟಿ ಬೆಳೆದ ಸೀಮೆಗೆ ಹೋಗಬೇಕು. ನೆಂಟರ ಮನೆಗೆ ಅಲ್ಲ, ಯಾರೋ ಊಟಕ್ಕೆ ಕರೆದರು ಅಂತ ಅಲ್ಲ. ಸುಮ್ನೆ ಆ ನೆಲ ನೋಡೋದಕ್ಕೆ. ಅದೂ ಆ ನೆಲ ತುಂಬಿಕೊಂಡಿರುವ ಕಾಲ ನೋಡಿಕೊಂಡು. 2024ರ ಕಾರ್ತಿಕದಲ್ಲಿ ನಾನು ಇವರನ್ನು ಮಧುಗಿರಿ ಕಡೆಗೆ ಕರೆದುಕೊಂಡು ಹೋಗಿದ್ದು ಹಾಗೆ. ಮದುವೆಯಾಗಿ ಇಷ್ಟು ವರ್ಷ ಆದ ಮೇಲೆ ಇವರು ನನ್ನ ಸೀಮೆಯನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

ನಾನು ಮಧುಗಿರಿ ತಾಲ್ಲೂಕಿನವಳು. ಇವರು ಮದ್ದೂರಿನ ಕಡೆಯವರು. ಒಂದೇ ರಾಜ್ಯ, ಒಂದೇ ಮುದ್ದೆ, ಆದರೆ ನೀರಿನ ವಿಚಾರಕ್ಕೆ ಬಂದರೆ ನಾವಿಬ್ಬರೂ ಬೇರೆ ಬೇರೆ ದೇಶದವರು. ಇವರ ಕಡೆ ನೀರು ಅಂದರೆ ನಾಲೆ. ಕನ್ನಂಬಾಡಿ ಕಟ್ಟೆ ತುಂಬಿತಾ, ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟರಾ, ಇಷ್ಟೇ ಪ್ರಶ್ನೆ. ನಮ್ಮ ಕಡೆ ನೀರು ಅಂದರೆ ಆಕಾಶ. ಆಮೇಲೆ ಕೆರೆ. ಕೆರೆ ಒಣಗಿದ ಮೇಲೆ ಬೋರ್‌ವೆಲ್, ಅದು ಸಾವಿರ ಅಡಿಗೆ ಹೋದರೂ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ಮದುವೆ ಆಗಿದ್ದು 2002ರಲ್ಲಿ. ನೆನಪಿರುವವರಿಗೆ ಆ ವರ್ಷ ಹೇಳಿದರೆ ಸಾಕು. 2001, 2002, 2003, ಮೂರು ವರ್ಷ ಒಂದರ ಹಿಂದೆ ಒಂದು ಬರ. ನಮ್ಮಪ್ಪ ಬಿತ್ತಿದ ರಾಗಿ ಮೊಣಕಾಲುದ್ದ ಬೆಳೆಯುವ ಮೊದಲೇ ಸುಟ್ಟುಹೋಗಿತ್ತು. ಕಡಲೆಕಾಯಿ ಗಿಡ ಕಿತ್ತರೆ ಕೆಳಗೆ ಬರೀ ಬೇರು. ಮಧುಗಿರಿಯ ಛತ್ರದಲ್ಲಿ ಮದುವೆ, ಟ್ಯಾಂಕರ್‌ನಲ್ಲಿ ನೀರು. ಮಂಡ್ಯದಿಂದ ಬಸ್ಸಿನಲ್ಲಿ ಬಂದ ಬೀಗರು ಕಿಟಕಿಯಲ್ಲಿ ನೋಡಿಕೊಂಡು ಬಂದಿದ್ದು ಬರೀ ಬಂಡೆ, ಜಾಲಿ, ಕೆಂಪು ಧೂಳು. ನಮ್ಮತ್ತೆಯ ಕಡೆಯ ಒಬ್ಬ ಹೆಂಗಸು, ತುಂಬ ಒಳ್ಳೆಯವರು, ಹಸೆಯ ಮೇಲೆ ಕೂತಿದ್ದ ನನ್ನ ಕೆನ್ನೆ ಸವರಿ, ಇನ್ನು ನಿನಗೆ ನೀರಿನ ಯೋಚನೆ ಇಲ್ಲ ಬಿಡು ಮಗ ಅಂದರು. ಪ್ರೀತಿಯಿಂದಲೇ ಅಂದಿದ್ದು. ಆದರೆ ಆ ಮಾತು ಕೇಳಿ ನನಗೆ ನನ್ನ ಊರಿನ ಮೇಲೆ ಕನಿಕರ ಬಂತು, ನನ್ನ ಮೇಲೆ ಅಲ್ಲ. ಇವರೆಲ್ಲ ನಮ್ಮ ಊರನ್ನು ಇದೇ ಅಂದುಕೊಂಡು ಹೋಗುತ್ತಾರಲ್ಲ ಅಂತ.

ಮಾರನೇ ವರ್ಷ ಮೊದಲನೇ ದೀಪಾವಳಿಗೆ ಅಳಿಯನನ್ನು ಕರೆದರು. ಆ ವರ್ಷವೂ ಬೆಳೆ ಇಲ್ಲ. ಆಮೇಲೆ ಇವರು ನಮ್ಮ ಕಡೆ ಬಂದಿದ್ದೆಲ್ಲ ಒಂದಲ್ಲ ಒಂದು ಕಾರ್ಯಕ್ಕೆ. ನಾಮಕರಣ, ಗೃಹಪ್ರವೇಶ, ತಿಥಿ. ಬೆಳಗ್ಗೆ ಬಂದು ಊಟ ಮಾಡಿ ಸಂಜೆಗೆ ಹೊರಡುವುದು. ಅದೂ ಹೆಚ್ಚಾಗಿ ಬೇಸಿಗೆಯಲ್ಲಿ, ಮಕ್ಕಳಿಗೆ ರಜೆ ಆಗಲೇ ಅಲ್ವಾ. ಅಪ್ಪ ಹೋದರು, ಅಮ್ಮ ಹೋದರು. ಅಣ್ಣ ತುಮಕೂರಿಗೆ ಬಂದ. ಜಮೀನು ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಮಾರಿದೆವು. ನಾನೂ ಸಹಿ ಹಾಕಿದೆ, ಅದರಲ್ಲಿ ಯಾರದೂ ತಪ್ಪಿಲ್ಲ. ಆದರೆ ಅಲ್ಲಿಗೆ ತವರು ಅಂತ ಹೋಗಿ ಚಾಪೆ ಹಾಸಿಕೊಂಡು ಮಲಗುವ ಮನೆ ನನಗೆ ಇಲ್ಲವಾಯಿತು.

ಅದಕ್ಕೇ ಬಾಡಿಗೆ ಕೊಟ್ಟು ಹೋಗೋಣ ಅಂದೆ. ಇವರಿಗೆ ಆಶ್ಚರ್ಯ. "ಮಧುಗಿರೀಲಿ ಏನಿದೆ, ಬೆಟ್ಟ ಬಿಟ್ಟರೆ?" ಅಂದರು. ಕೇಳಿದ್ದರಲ್ಲಿ ತಪ್ಪೇನಿಲ್ಲ, ಇವರು ನೋಡಿದ್ದೇ ಅಷ್ಟು.

ಯಾಕೆ ಕಾರ್ತಿಕವೇ ಆಗಬೇಕು ಅಂದರೆ, ಬಯಲುಸೀಮೆಯ ಲೆಕ್ಕವೇ ಬೇರೆ. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲೇ ಬಹುಪಾಲು ನೀರು ಸುರಿದು ಹಗುರಾಗಿ ನಮ್ಮ ಕಡೆ ಬರುತ್ತವೆ. ಜೂನ್ ಜುಲೈನಲ್ಲಿ ಮಲೆನಾಡು ತೋಯ್ದು ತೊಪ್ಪೆಯಾಗಿರುವಾಗ ನಮ್ಮಲ್ಲಿ ಗಾಳಿ ಜಾಸ್ತಿ, ಹನಿ ಕಮ್ಮಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ಈ ಮಳೆಗಳೇ ನಮಗೆ ಅನ್ನ ಕೊಡುವುದು. ಸ್ವಾತಿ ಮಳೆ ಮುತ್ತಿನ ಬೆಳೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಹಾಗಾಗಿ ಬೇರೆಯವರ ಕಡೆ ಮಳೆಗಾಲ ಮುಗಿದು ಹಸಿರು ಇಳಿಯುವ ಹೊತ್ತಿಗೆ ನಮ್ಮ ಕಡೆ ಹೊಲ ತುಂಬಿರುತ್ತದೆ. ದಸರಾ ಕಳೆದ ಮೇಲೆ, ಚಳಿ ಬಲಿಯುವ ಮೊದಲು, ಆ ಕೆಲವೇ ವಾರ. ಅದೂ ಮಳೆ ಆದ ವರ್ಷ ಮಾತ್ರ. 2023ರಲ್ಲಿ ಆಗಲಿಲ್ಲ, ರಾಜ್ಯದ ಹೆಚ್ಚಿನ ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. 2024ರಲ್ಲಿ ಮಳೆ ಚೆನ್ನಾಗಿ ಹಿಡಿಯಿತು. ಈ ವರ್ಷ ಬಿಟ್ಟರೆ ಮತ್ತೆ ಯಾವಾಗಲೋ ಅನ್ನಿಸಿ ನಾನೇ ಹಟ ಹಿಡಿದೆ.

ಬೆಳಗ್ಗೆ ಬೇಗ ಹೊರಟು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ಬೆಣ್ಣೆ ಹಾಕಿದ ತಟ್ಟೆ ಇಡ್ಲಿ, ಕೆಂಪು ಚಟ್ನಿ. ಅದನ್ನು ತಿನ್ನದೆ ತುಮಕೂರು ದಾಟಬಾರದು. ಅಲ್ಲಿಂದ ದೇವರಾಯನದುರ್ಗ.

ಈ ಬೆಟ್ಟವನ್ನು ನಾನು ಬೇಕೆಂದೇ ಮೊದಲು ಇಟ್ಟುಕೊಂಡಿದ್ದೆ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ, ಸುತ್ತ ಕುರುಚಲು ಕಾಡು. ಮಳೆ ಬಿದ್ದು ಬಂಡೆಗಳ ಸಂದಿಯಲ್ಲೆಲ್ಲ ಹುಲ್ಲು. ಮೇಲಿನ ಗುಡಿಯ ಹತ್ತಿರ ನಿಂತರೆ ಸುತ್ತಲೂ ಗುಡ್ಡದ ಹಿಂದೆ ಗುಡ್ಡ, ನಡುವೆ ಅಲ್ಲಲ್ಲಿ ಕೆರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಇವರು ಬಂಡೆಯ ಮೇಲೆ ಕೂತು ನೀರು ಕುಡಿಯುವಾಗ ಕೇಳಿದೆ, "ನಿಮ್ಮೂರ ಹೊಳೆ ಎಲ್ಲಿ ಹುಟ್ಟುತ್ತೆ ಗೊತ್ತಾ?"

"ಶಿಂಷಾನಾ? ತುಮಕೂರು ಕಡೆ ಎಲ್ಲೋ."

"ಇದೇ ಬೆಟ್ಟ ರೀ."

ಮದ್ದೂರಿನ ಹುಡುಗರಿಗೆ ಶಿಂಷಾ ಅಂದರೆ ಏನು ಅಂತ ನಾನು ಮದುವೆಯಾದ ಮೇಲೆ ಕೇಳಿ ಕೇಳಿ ಬಲ್ಲೆ. ಈಜು ಕಲಿತಿದ್ದು ಅಲ್ಲಿ, ಏಟು ತಿಂದಿದ್ದು ಅದಕ್ಕೆ, ತಾತನ ಬೂದಿ ಬಿಟ್ಟಿದ್ದು ಅಲ್ಲಿ. ಆ ಹೊಳೆ ಈ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ ಹುಟ್ಟಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬಂದು, ಅಲ್ಲಿಂದ ಮದ್ದೂರು, ಮಳವಳ್ಳಿ ಸೀಮೆ ದಾಟಿ ಕಾವೇರಿ ಸೇರುತ್ತದೆ. ಇದೇ ಬೆಟ್ಟದಲ್ಲಿ ಹುಟ್ಟುವ ಇನ್ನೊಂದು ಹೊಳೆ ಜಯಮಂಗಲಿ. ಅದು ನಮ್ಮದು. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಆಂಧ್ರದ ಗಡಿ ಕಡೆ ಉತ್ತರ ಪಿನಾಕಿನಿಗೆ ಸೇರುತ್ತದೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ, ಈ ಕಡೆ ಜಾರಿದರೆ ಇವರ ಊರಿಗೆ, ಆ ಕಡೆ ಜಾರಿದರೆ ನಮ್ಮ ಊರಿಗೆ. ಶಾಲೆಯಲ್ಲಿ ಓದಿದ ಸಂಗತಿಯೇ. ಆದರೆ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈ ತೋರಿಸಿ ಹೇಳಿದಾಗ ನನಗೇ ಮೈ ಜುಮ್ಮೆಂದಿತು. ಇವರು ತುಂಬ ಹೊತ್ತು ದಕ್ಷಿಣದ ಕಡೆ ನೋಡುತ್ತಾ ಕೂತರು. ಆಮೇಲೆ ಅವರ ಅಮ್ಮನಿಗೆ ಫೋನ್ ಮಾಡಿ, "ಅವ್ವಾ, ನಮ್ಮ ಹೊಳೆ ಹುಟ್ಟೋ ಬೆಟ್ಟದ ಮೇಲಿದೀನಿ" ಅಂದರು. ಅಲ್ಲಿಂದ ಇಳಿದು ನಾಮದ ಚಿಲುಮೆಗೆ ಹೋಗಿ, ಬಂಡೆಯ ಗುಳಿಯಲ್ಲಿ ಚಿಮ್ಮುವ ನೀರು ಮುಟ್ಟಿ ತಲೆಗೆ ಹಾಕಿಕೊಂಡೆವು. ರಾಮ ನಾಮ ಇಟ್ಟುಕೊಳ್ಳಲು ನೀರು ಬೇಕಾಗಿ ಬಾಣ ಬಿಟ್ಟ ಜಾಗ ಅಂತ ಕಥೆ.

ಕೊರಟಗೆರೆ ದಾಟಿದ ಮೇಲೆ ಇವರು ಕಾರು ನಿಧಾನ ಮಾಡಿದರು. ನಾನು ಹೇಳಬೇಕಾಗಲಿಲ್ಲ. ಎರಡೂ ಕಡೆ ರಾಗಿ. ತೆನೆ ಬಲಿತು ಬಾಗಿದ್ದವು, ಹೊಲ ಹಸಿರಿನಿಂದ ಕಂದುಬಣ್ಣಕ್ಕೆ ತಿರುಗುತ್ತಿತ್ತು. ನಡುನಡುವೆ ಸಾಲು ಸಾಲಾಗಿ ಹುಚ್ಚೆಳ್ಳಿನ ಹಳದಿ ಹೂವು. ಹಿಂದೆ ದೊಡ್ಡ ದೊಡ್ಡ ಬಂಡೆಯ ಗುಡ್ಡಗಳು, ಅವುಗಳ ಬುಡದವರೆಗೂ ಬೆಳೆ. 2002ರಲ್ಲಿ ಬೀಗರ ಬಸ್ಸು ಬಂದಿದ್ದು ಇದೇ ರಸ್ತೆಯಲ್ಲಿ.

ಉಳಿದುಕೊಂಡಿದ್ದು ಒಂದು ತೋಟದ ಮನೆಯಲ್ಲಿ. ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಮಕ್ಕಳು ಬೆಂಗಳೂರಿನಲ್ಲಿ. ಮಕ್ಕಳ ಕೋಣೆಗಳನ್ನು ಬಂದವರಿಗೆ ಕೊಡುತ್ತಾರೆ. ಈಜುಕೊಳ ಇಲ್ಲ, ಹಾಡು ಹಾಕುವುದಿಲ್ಲ, ಹಾಸಿಗೆಯ ಮೇಲೆ ಹೂವಿನಲ್ಲಿ ಹೆಸರು ಬರೆಯುವುದಿಲ್ಲ. ನನಗೆ ಬೇಕಾಗಿದ್ದೂ ಅದೇ. ಸಂಜೆ ಆ ಅಮ್ಮ ಬೇಯಿಸಿದ ಕಡಲೆಕಾಯಿ ಒಂದು ಪುಟ್ಟಿ ತಂದು ಜಗುಲಿಯ ಮೇಲೆ ಸುರಿದರು. ಆಗಷ್ಟೇ ಗಿಡದಿಂದ ಬಿಡಿಸಿದ್ದು, ಸಿಪ್ಪೆಯ ಒಳಗೆ ಇನ್ನೂ ಉಪ್ಪುನೀರು. ರಾತ್ರಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ. ಹುಚ್ಚೆಳ್ಳು ಚಟ್ನಿ ನನಗೆ ಅಮ್ಮ. ಒಂದು ತುತ್ತಿಗೆ ಕಣ್ಣು ತುಂಬಿತು, ಖಾರ ಅಂದುಕೊಂಡು ಆ ಅಮ್ಮ ಮಜ್ಜಿಗೆ ತಂದುಕೊಟ್ಟರು.

ಬೆಳಗ್ಗೆ ಯಜಮಾನರ ಜೊತೆ ಹೊಲಕ್ಕೆ ಹೋದೆವು. ಅವತ್ತೇ ನಮ್ಮ ಮದುವೆಯ ದಿನ. ಇಬ್ಬನಿ ಬಿದ್ದು ಬದುವಿನ ಹುಲ್ಲು ಒದ್ದೆ, ಸೀರೆಯ ಅಂಚೆಲ್ಲ ನೆನೆಯಿತು. ಒಂದು ಕಡೆ ಕುಯ್ಲು ಶುರುವಾಗಿತ್ತು. ಹೆಂಗಸರು ಬಗ್ಗಿ ಕುಡುಗೋಲಿನಲ್ಲಿ ಕುಯ್ದು ಅರಿ ಹಾಕುತ್ತಾ ಹೋಗುತ್ತಿದ್ದರು. ಅರಿ ಬಿಸಿಲಿಗೆ ಒಣಗಿದ ಮೇಲೆ ಕಂತೆ ಕಟ್ಟಿ ಬಣವೆ ಒಟ್ಟುತ್ತಾರೆ. ಈಗ ಯಂತ್ರಗಳು ಬಂದಿವೆ, ಹೊಲದಲ್ಲೇ ಕುಯ್ದು ರಾಗಿ ಬೇರೆ ಮಾಡಿಕೊಡುತ್ತವೆ. "ಮಿಷನ್ನಿಗೆ ಕೊಟ್ರೆ ಅಕ್ಕಡಿ ಇಡೋಕಾಗಲ್ಲ ಸ್ವಾಮಿ, ಎಲ್ಲಾ ಒಂದೇ ಸಲ ನುಂಗ್ತದೆ" ಅಂದರು ಯಜಮಾನರು.

ಅಕ್ಕಡಿ ಅಂದರೆ ಏನು ಅಂತ ಇವರು ಕೇಳಿದರು. ನಾಲೆ ಕೆಳಗಿನ ಗದ್ದೆಯಲ್ಲಿ ಬೆಳೆದವರು. ಅಲ್ಲಿ ಭತ್ತ ಅಂದರೆ ಭತ್ತ, ಕಬ್ಬು ಅಂದರೆ ಕಬ್ಬು. ನಮ್ಮ ಹೊಲ ಹಾಗಲ್ಲ. ಕೆಲವು ಸಾಲು ರಾಗಿ, ಆಮೇಲೆ ಒಂದು ಸಾಲು ಅಕ್ಕಡಿ. ಆ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಸಾಸಿವೆ, ಮನೆಗೆ ಏನು ಬೇಕೋ ಅದು. ಬಿತ್ತುವಾಗ ಕೂರಿಗೆಯ ಹಿಂದೆ ಅಮ್ಮ ಮಡಿಲಲ್ಲಿ ಬೀಜ ಕಟ್ಟಿಕೊಂಡು ಅಕ್ಕಡಿ ಬಿಡುತ್ತಾ ಹೋಗುತ್ತಿದ್ದಳು, ನಾನು ಅವಳ ಹಿಂದೆ. ಎಲ್ಲಾ ಒಟ್ಟಿಗೇ ಬಿತ್ತಿದರೂ ಒಟ್ಟಿಗೇ ಕೈಗೆ ಬರುವುದಿಲ್ಲ. ಹುಚ್ಚೆಳ್ಳು, ರಾಗಿ ಮೊದಲು. ರಾಗಿ ಕುಯ್ದ ಮೇಲೆ ಹೊಲದಲ್ಲಿ ಅವರೆ ತೊಗರಿ ನಿಂತಿರುತ್ತವೆ, ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು. ಸಂಕ್ರಾಂತಿವರೆಗೆ ಒಂದಲ್ಲ ಒಂದು ಸಿಗುತ್ತಲೇ ಇರುತ್ತದೆ. ಅವರೆ, ತೊಗರಿಯ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ, ಜೋಳದ ದಂಟು ದನಕ್ಕೆ. ಒಂದು ಮಳೆ ಕೈಕೊಟ್ಟು ರಾಗಿ ಜೊಳ್ಳಾದರೂ, ಆಮೇಲೆ ಬರುವ ಮಳೆಗೆ ತೊಗರಿಯಾದರೂ ಉಳಿಯುತ್ತದೆ. ಆಕಾಶವನ್ನೇ ನಂಬಿ ಬದುಕುವವರು ತಲೆಮಾರುಗಳಿಂದ ಕಂಡುಕೊಂಡ ಬುದ್ಧಿ ಇದು. ಬರೀ ನೀರಿಲ್ಲದ ಸೀಮೆ ಅಂತ ನಮ್ಮನ್ನು ನೋಡಿದವರು ಇದನ್ನು ನೋಡಲಿಲ್ಲವಲ್ಲ ಅನ್ನುವುದು ನನಗೆ ಯಾವತ್ತಿನಿಂದಲೂ ಇದ್ದ ನೋವು.

ಇವರು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಪ್ರತಿ ಗಿಡದ ಹೆಸರು ಕೇಳಿದರು. ಅವರೆ ಹೂವಾಗಿತ್ತು, ಕಾಯಿ ಇನ್ನೂ ಕಟ್ಟಿರಲಿಲ್ಲ. ತೊಗರಿ ಹಳದಿ ಹೂವು. ನಾನು ಹೇಳುತ್ತಾ ಹೋದೆ. ಮನೆಯಲ್ಲಿ ಲೆಕ್ಕಪತ್ರ, ಬ್ಯಾಂಕು, ಕಾರಿನ ಸರ್ವೀಸು ಎಲ್ಲದಕ್ಕೂ ನಾನು ಇವರನ್ನು ಕೇಳುವವಳು. ಅವತ್ತು ಕೇಳುವವರು ಇವರು, ಹೇಳುವವಳು ನಾನು. ಅದು ನನಗೆ ಎಷ್ಟು ಬೇಕಾಗಿತ್ತು ಅಂತ ಅಲ್ಲಿ ನಿಂತಾಗಲೇ ಗೊತ್ತಾಗಿದ್ದು.

ಯಜಮಾನರು ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ, ಊದಿ, ಕಾಳು ಇವರ ಕೈಗೆ ಹಾಕಿದರು. "ಈಗ ಎಂಎಲ್ 365, ಜಿಪಿಯು 28 ಅಂತ ಹಾಕ್ತೀವಿ. ನಮ್ಮಪ್ಪನ ಕಾಲದಲ್ಲಿ ಇಂಡಾಫ್ ಬಂದಾಗ ಊರೆಲ್ಲ ಬಂದು ನೋಡ್ತಿದ್ರು." ಆಗ ಇವರ ಮುಖ ಅರಳಿತು. ಇಂಡಾಫ್ ತಳಿಗಳು ಬಂದಿದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಅವನ್ನು ತಂದವರು ಲಕ್ಷ್ಮಣಯ್ಯನವರು, ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದವರು. ಇವರ ಅಪ್ಪ ಆ ಫಾರಂ ವಿಚಾರ ಹೇಳುತ್ತಿದ್ದರಂತೆ. "ನೋಡು, ನಿಮ್ಮೂರ ಬೆಟ್ಟದಿಂದ ನಮಗೆ ಹೊಳೆ ಬಂತು, ನಮ್ಮೂರಿಂದ ನಿಮಗೆ ರಾಗಿ ಬಂತು" ಅಂದರು ಇವರು. ಯಜಮಾನರಿಗೆ ಹೊಳೆಯ ವಿಚಾರ ಏನು ಅಂತ ತಿಳಿಯಲಿಲ್ಲ. ಆಮೇಲೆ ಕೂತು ಹೇಳಿದೆವು.

ಮಧ್ಯಾಹ್ನ ಮಧುಗಿರಿಗೆ ಹೋದೆವು. ಬೆಟ್ಟ ಹತ್ತಲಿಲ್ಲ, ಮಂಡಿ ನೋವು. ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಅದೂ ಒಂದು, ಮೈಮೇಲೆ ಕೋಟೆ ಇರುವ ಒಂದೇ ಬಂಡೆ. ಚಿಕ್ಕವಳಿದ್ದಾಗ ಊರಿಂದ ಬರುವಾಗ ಆ ಬಂಡೆ ಕಂಡರೆ ಪೇಟೆ ಬಂತು ಅಂತ. ಅಲ್ಲಿಂದ ಮಿಡಿಗೇಶಿ ಕಡೆಯ ದಾರಿ ಹಿಡಿದು ನಮ್ಮ ಊರಿಗೆ.

ಹೋಗುವುದೋ ಬೇಡವೋ ಅಂತ ನನಗೆ ಕೊನೆಯವರೆಗೂ ಇತ್ತು. ಊರೊಳಗೆ ಹೋಗಲಿಲ್ಲ, ಜಮೀನಿನ ಹತ್ತಿರ ಕಾರು ನಿಲ್ಲಿಸಿದೆವು. ಈಗ ಅಲ್ಲಿ ಅಡಿಕೆ ಹಾಕಿದ್ದಾರೆ. ಬೋರ್‌ವೆಲ್ ಕೊರೆದಿದ್ದಾರೆ, ಹನಿ ನೀರಾವರಿ ಪೈಪು ಎಳೆದಿದ್ದಾರೆ, ಸಸಿಗಳು ಚೆನ್ನಾಗಿ ಎದ್ದಿದ್ದವು. ನಮ್ಮ ಕಡೆ ರಾಗಿ ಹೊಲಗಳು ಒಂದೊಂದಾಗಿ ಅಡಿಕೆ ತೋಟ ಆಗುತ್ತಿವೆ. ರಾಗಿಯಲ್ಲಿ ಕೂಲಿ ಖರ್ಚೂ ಹುಟ್ಟದ ವರ್ಷಗಳನ್ನು ನೋಡಿದವಳು ನಾನು, ಅಡಿಕೆ ಹಾಕಿದವರನ್ನು ಯಾಕೆ ಅಂತ ಕೇಳಲಾರೆ. ಆದರೆ ಅಷ್ಟು ನೀರು ಬೇಡುವ ಗಿಡವನ್ನು ಈ ನೆಲದಲ್ಲಿ ನಂಬಿಕೊಂಡರೆ ಮುಂದಿನ ಬರಕ್ಕೆ ಏನು ಮಾಡುತ್ತಾರೆ ಅನ್ನುವ ಹೆದರಿಕೆ ನನಗೆ ನಿಜವಾಗಿಯೂ ಇದೆ. ಕಣ ಇದ್ದ ಜಾಗ ಗುರುತು ಸಿಗಲಿಲ್ಲ. ಹುಣಸೆ ಮರ ಮಾತ್ರ ಹಾಗೇ ಇತ್ತು, ಅದರಿಂದ ಲೆಕ್ಕ ಹಾಕಿ ಕಣ ಇಲ್ಲಿ, ಬಾವಿ ಇಲ್ಲಿ ಅಂತ ತೋರಿಸಿದೆ.

ಆಗ ಇವರು ಒಂದು ಮಾತು ಹೇಳಿದರು.

"ಇದೇ ಮರದ ಕೆಳಗೆ ನಿಮ್ಮಪ್ಪ ನನ್ನ ಕರ್ಕೊಂಡು ಬಂದಿದ್ರು. ಆ ಮೊದಲನೇ ದೀಪಾವಳಿಗೆ."

ನನಗೆ ಗೊತ್ತೇ ಇರಲಿಲ್ಲ.

"ನೀವೆಲ್ಲ ಅಡುಗೆಮನೇಲಿ ಇದ್ರಿ. ಬನ್ನಿ ಅಳಿಯಂದ್ರೆ, ಸ್ವಲ್ಪ ಓಡಾಡಿಕೊಂಡು ಬರೋಣ ಅಂದ್ರು. ಇಲ್ಲಿವರೆಗೂ ಬಂದ್ವಿ. ಏನೂ ಇರಲಿಲ್ಲ ಹೊಲದಲ್ಲಿ, ಬರೀ ಮಣ್ಣು. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ಮಳೆ ಆಗಿದ್ದಿದ್ರೆ ತೋರಿಸ್ತಿದ್ದೆ ಅಳಿಯಂದ್ರೆ, ಮಳೆ ಆದ ವರ್ಷ ಬನ್ನಿ ಅಂದ್ರು."

ನಮ್ಮಪ್ಪ ಹೆಚ್ಚು ಮಾತಿನವರಲ್ಲ. ಮಗಳ ಮದುವೆಗೆ ಸಾಲ ಮಾಡಿದ್ದರು, ಅದನ್ನೂ ಯಾರಿಗೂ ಹೇಳಿರಲಿಲ್ಲ. ಹೊಸ ಅಳಿಯನ ಮುಂದೆ ಒಣ ಹೊಲದಲ್ಲಿ ನಿಂತು ಆ ಮಾತು ಆಡಬೇಕಾದರೆ ಅವರಿಗೆ ಎಷ್ಟು ಸಂಕಟ ಆಗಿರಬೇಕು. ಇವರು ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀನು ಅಳ್ತೀಯಾ ಅಂತ ಆಗ ಹೇಳಲಿಲ್ಲ. ಆಮೇಲೆ ನಾನೇ ಮರೆತೆ. ಈ ಮರ ನೋಡಿದ ಮೇಲೆ ನೆನಪಾಯ್ತು" ಅಂದರು. ಅಲ್ಲೇ ಅತ್ತೆ. ಇವರು ಸುಮ್ಮನೆ ಪಕ್ಕದಲ್ಲಿ ನಿಂತಿದ್ದರು, ಸಮಾಧಾನ ಮಾಡಲು ಬರಲಿಲ್ಲ, ಅದೇ ಸರಿ ಅನ್ನಿಸಿತು. ಅಡಿಕೆ ತೋಟದ ಹುಡುಗ ಒಬ್ಬ ಬಂದು ಯಾರು ಬೇಕಿತ್ತು ಅಂದ. ಯಾರೂ ಇಲ್ಲಪ್ಪ, ಮರ ನೋಡ್ತಿದ್ವಿ ಅಂದೆ. ಹುಣಸೆ ಈ ಸಲ ಚೆನ್ನಾಗಿ ಹಿಡಿದಿದೆ ಅಕ್ಕ, ಬೇಸಿಗೆಗೆ ಬನ್ನಿ ಅಂದ.

ಸಂಜೆ ಇನ್ನೂ ಬೆಳಕಿತ್ತು ಅಂತ ಮೈದನಹಳ್ಳಿಗೆ ಹೋದೆವು. ಕೃಷ್ಣಮೃಗಗಳ ಕಾವಲು. ಜಯಮಂಗಲಿಯ ಹೆಸರಿನಲ್ಲೇ ಇರುವ ಸಂರಕ್ಷಣಾ ಮೀಸಲು ಪ್ರದೇಶ, 798 ಎಕರೆ, 2007ರಲ್ಲಿ ಘೋಷಣೆಯಾಗಿದ್ದು. ಸಫಾರಿ ಕಾಡುಗಳ ಹಾಗೆ ದಟ್ಟ ಮರಗಳಿಲ್ಲ. ಬಯಲು ಹುಲ್ಲುಗಾವಲು, ಅಷ್ಟೆ. ಮಳೆಗೆ ಹುಲ್ಲು ಸೊಂಟದವರೆಗೆ ಬೆಳೆದು ಹೊಂಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ಕೊಂಬು ಮಾತ್ರ ಕಾಣುತ್ತಿತ್ತು. ಗಂಡು ಕಪ್ಪು, ತಿರುಚಿದ ಕೊಂಬು. ಹೆಣ್ಣು, ಮರಿಗಳು ಕಂದು. ಒಂದು ಹಿಂಡು ನಮ್ಮನ್ನು ನೋಡಿ ನಿಂತು, ಆಮೇಲೆ ನೆಗೆಯುತ್ತಾ ಹೋಯಿತು. ಬಂಜರು ಅಂತ ಕಾಗದದಲ್ಲಿ ಬರೆದುಬಿಡುವ ಇಂಥ ಹುಲ್ಲುಗಾವಲುಗಳು ಉಳಿಯಬೇಕು. ಮರ ನೆಟ್ಟರೆ ಮಾತ್ರ ಕಾಡು ಅಂದುಕೊಂಡರೆ ಈ ಪ್ರಾಣಿಗೆ ಜಾಗವೇ ಇಲ್ಲ. ಸುತ್ತಲಿನ ರೈತರ ಕಡಲೆಕಾಯಿ ಹೊಲಕ್ಕೂ ಇವು ನುಗ್ಗುತ್ತವೆ, ಅವರ ಕಷ್ಟವೂ ಕಷ್ಟವೇ. ನಾನು ಹುಡುಗಿಯಾಗಿದ್ದಾಗ ಅಪ್ಪ ಒಂದು ಸಲ ಸೈಕಲ್ಲಿನಲ್ಲಿ ಕರೆದುಕೊಂಡು ಬಂದು ತೋರಿಸಿದ್ದರು.

ಹೊರಡುವ ಬೆಳಗ್ಗೆ ಆ ಅಮ್ಮನಿಗೆ ಹಣ ಕೊಡಲು ಅಡುಗೆಮನೆಗೆ ಹೋದೆ. ನನ್ನ ಊರು ಯಾವುದು ಅಂತ ಅಷ್ಟು ಹೊತ್ತಿಗೆ ಅವರಿಗೆ ಗೊತ್ತಾಗಿತ್ತು, ಯಜಮಾನರು ಹೇಳಿದ್ದರು. "ಮೊದಲೇ ಹೇಳಬಾರದಾ ತಾಯಿ" ಅಂದರು. ಬಾಡಿಗೆ ತೆಗೆದುಕೊಂಡರು. ಆಮೇಲೆ ಮಣೆ ಹಾಕಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ತುಂಬಿದರು. ಅಮ್ಮ ಹೋದ ಮೇಲೆ ನನಗೆ ಯಾರೂ ಮಡಿಲಕ್ಕಿ ಕಟ್ಟಿರಲಿಲ್ಲ. ಇವರನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿದರು. ಡಿಕ್ಕಿಯಲ್ಲಿ ಒಂದು ಚೀಲ ರಾಗಿ, ಒಂದು ಬುಟ್ಟಿ ಸೀತಾಫಲ ಇಟ್ಟರು. ರಾಗಿಗೆ ಹಣ ಕೊಡಲು ಹೋದರೆ ಯಜಮಾನರು ಬೈದರು.

ದಾರಿಯಲ್ಲಿ ಇವರು ಹೇಳಿದರು, "ಮುಂದಿನ ಸಲ ನಮ್ಮ ಕಡೆ."

"ಯಾವಾಗ? ನಿಮ್ಮ ಕಡೆ ಯಾವಾಗಲೂ ಹಸಿರೇ ಅಲ್ವಾ, ಅದಕ್ಕೆ ಕಾಲ ಬೇರೆ ನೋಡಬೇಕಾ?"

ಇವರು ಉತ್ತರ ಕೊಡಲು ತುಂಬ ಹೊತ್ತು ತೆಗೆದುಕೊಂಡರು. ಕೊರಟಗೆರೆ ದಾಟಿತು.

"ಬೇಸಿಗೆಯಲ್ಲಿ" ಅಂದರು. "ನಾಲೆ ನಿಲ್ಲಿಸಿದಾಗ. ನೀನು ನೋಡಿರೋದು ನೀರಿರೋ ನಾಲೇನೇ. ನಿಂತಾಗ ನಾವು ಹುಡುಗರು ಅದರೊಳಗೆ ಇಳಿದು ಊರಿಂದ ಊರಿಗೆ ನಡ್ಕೊಂಡು ಹೋಗ್ತಿದ್ವಿ. ಗುಂಡಿಲಿ ಉಳಿದ ನೀರಲ್ಲಿ ಮೀನು ಹಿಡೀತಿದ್ವಿ. ಶಿಂಷಾನೂ ಸಣ್ಣಗಾಗಿರುತ್ತೆ, ಮರಳು ಕಾಣುತ್ತೆ. ಆಗ ನಮ್ಮೂರು ಬೇರೆ ಥರಾನೇ ಇರುತ್ತೆ."

ಇಷ್ಟು ವರ್ಷ ಇದನ್ನೂ ಇವರು ನನಗೆ ಹೇಳಿರಲಿಲ್ಲ. ಮದುವೆ ದಿನ ಬರುವುದು ಕಾರ್ತಿಕದಲ್ಲಿ, ನಾಲೆ ನಿಲ್ಲಿಸುವುದು ಬೇಸಿಗೆಯಲ್ಲಿ, ಹೇಗೆ ಅಂದೆ. ದಿನ ಯಾವುದಾದರೇನು ಅಂದರು. ನನಗೂ ಸರಿ ಅನ್ನಿಸಿತು. ಮೇ ತಿಂಗಳು ಅಂತ ಮಾತಾಗಿದೆ. ನಾಲೆ ಯಾವಾಗ ನಿಲ್ಲಿಸುತ್ತಾರೆ ಅಂತ ಇವರ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ ಕೇಳಿಕೊಂಡು ರಜೆ ಹಾಕಬೇಕು.